ಆರ್ಗನ್ ಬೆಂಚಿನ ಮೇಲೆ ಕೂತು ಕೇಳಿದ ಮೈಸೂರು

ಸಂತ ಫಿಲೋಮಿನಾ ಚರ್ಚ್ ಒಳಗೆ ಹೋಗಿರೋರು ಎಷ್ಟು ಜನ ಅಂತ ಕೇಳ್ದೆ, ಹೆಚ್ಚುಕಮ್ಮಿ ಎಲ್ರೂ ಕೈ ಎತ್ತಿದ್ರಿ. ಅಲ್ಲಿ ಹಾಡು ನಡೀತಿರೋವಾಗ ಒಳಗೆ ಕೂತಿದ್ದೋರು ಅಂದಾಗ ಐದಾರು ಕೈ ಮಾತ್ರ ಉಳೀತು. ಇದು ತಪ್ಪು ಅಂತ ಹೇಳ್ತಿಲ್ಲ. ಆ ಎರಡು ಗೋಪುರ, 175 ಅಡಿ ಎತ್ತರ, ಅದನ್ನ ನೋಡೋಕೆ ಅಂತಾನೇ ಎಲ್ಲೆಲ್ಲಿಂದಲೋ ಜನ ಬರ್ತಾರೆ, 1933ರ ಅಕ್ಟೋಬರ್ 28ಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಹಾಕಿದ್ರು ಅನ್ನೋದೂ ನಿಮಗೆಲ್ಲ ಗೊತ್ತು. ಆದ್ರೆ ಚರ್ಚ್ ಅನ್ನೋದು ಕಣ್ಣಿಗೆ ಕಾಣೋಷ್ಟೇ ಕಿವಿಗೂ ಕೇಳೋ ಜಾಗ. ನಾನು ಆ ಚರ್ಚಿನವಳಲ್ಲ, ಸಿಎಸ್‌ಐ, ಅಂದ್ರೆ ಪ್ರಾಟೆಸ್ಟೆಂಟರ ಚರ್ಚ್ ಆಫ್ ಸೌತ್ ಇಂಡಿಯಾ ಕಡೆಯವಳು, ಇದೇ ಊರಲ್ಲಿ 1982ರಿಂದ ಭಾನುವಾರ ಬೆಳಗ್ಗೆ ಆರ್ಗನ್ ಬೆಂಚಿನ ಮೇಲೆ ಕೂರ್ತಾ ಬಂದಿದೀನಿ, ವಾರದ ಉಳಿದ ದಿನ ಹೈಸ್ಕೂಲಲ್ಲಿ ಮಕ್ಕಳಿಗೆ ಲೆಕ್ಕ ಹೇಳ್ಕೊಡ್ತಿದ್ದೆ. ಬೆಂಚಿನ ಮೇಲೆ ಕೂತ್ರೆ ಜನಕ್ಕೆ ಬೆನ್ನು, ಮುಖ ಗೋಡೆಗೆ. ಹಾಗಾಗಿ ನನಗೆ ನಮ್ಮ ಸಭೆಯ, ಅಂದ್ರೆ ನಮ್ಮ ಚರ್ಚಿಗೆ ಬರೋ ಜನ ಜಾಸ್ತಿ ಗೊತ್ತಿರೋದು ಧ್ವನಿಯಿಂದಲೇ.

ಇಲ್ಲಿ ಸ್ಟೇಜ್ ಮೇಲೆ ಇರೋ ಈ ಪೆಟ್ಟಿಗೆ ನೋಡಿ. ತುಂಬ ಜನ ಬಂದು ಇದು ಪಿಯಾನೋನಾ ಅಂತ ಕೇಳಿದ್ರಿ. ಪಿಯಾನೋ ಒಳಗೆ ತಂತಿ ಇರತ್ತೆ, ಸುತ್ತಿಗೆ ಬಂದು ಹೊಡಿಯತ್ತೆ. ಇದರೊಳಗೆ ಹಿತ್ತಾಳೆ ರೀಡು, ಹಾರ್ಮೋನಿಯಂನಲ್ಲಿ ಇರೋ ಥರದ್ದೇ. ಕೆಳಗೆ ಎರಡು ಪೆಡಲ್ ಇದೆಯಲ್ಲ, ಅದನ್ನ ಒಂದಾದ ಮೇಲೆ ಒಂದು ತುಳೀತಾ ಇರ್ಬೇಕು, ಹೊಲಿಗೆ ಮಿಷನ್ ತುಳಿಯೋ ಹಾಗೆ, ಆಗ ಒಳಗಿನ ತಿದಿ ಕೆಲಸ ಮಾಡತ್ತೆ. ನಮ್ಮ ಕೈ ಹಾರ್ಮೋನಿಯಂ ಗಾಳಿನ ರೀಡಿನ ಕಡೆಗೆ ತಳ್ಳತ್ತೆ, ಇದು ಅಮೆರಿಕನ್ ಮಾದರಿ, ಗಾಳಿನ ಒಳಕ್ಕೆ ಎಳ್ಕೊಳತ್ತೆ, ಅದಕ್ಕೇ ಇದರ ದನಿ ಸ್ವಲ್ಪ ಮೆತ್ತಗೆ. 61 ಮನೆ, ಅಂದ್ರೆ ಬೆರಳಲ್ಲಿ ಒತ್ತೋ ಕೀ, ಐದು ಸ್ಥಾಯಿ. ಮೇಲೆ ಸಾಲಾಗಿ ಇರೋ ಗುಬ್ಬಿಗಳಿಗೆ ಸ್ಟಾಪ್ ಅಂತಾರೆ. ಒಂದರ ಮೇಲೆ 8 ಅಂತ ಬರೆದಿದೆ, ಇನ್ನೊಂದರ ಮೇಲೆ 4. ಅದು ಅಡಿ ಲೆಕ್ಕ. ದೊಡ್ಡ ಪೈಪ್ ಆರ್ಗನ್‌ಗಳಲ್ಲಿ 8 ಅಂತ ಬರೆದಿರೋ ಸ್ಟಾಪಿನ ಅತಿ ಕೆಳಗಿನ ಸ್ವರದ ಕೊಳವೆ ಸುಮಾರು 8 ಅಡಿ ಉದ್ದ ಇರತ್ತೆ, ಅದರ ಅರ್ಧ ಉದ್ದ ಮಾಡಿದ್ರೆ ಒಂದು ಸ್ಥಾಯಿ ಮೇಲೆ ಹೋಗತ್ತೆ. ಈ ಪೆಟ್ಟಿಗೆಯಲ್ಲಿ ಕೊಳವೆನೇ ಇಲ್ಲ, ಆದ್ರೂ ಆ ಅಡಿ ಲೆಕ್ಕ ಹಾಗೇ ಉಳ್ಕೊಂಡಿದೆ. ಆ ತುದಿಯಲ್ಲಿರೋದು ವಾಕ್ಸ್ ಹ್ಯೂಮಾನ, ಅಂದ್ರೆ ಮನುಷ್ಯನ ದನಿ. ಅದನ್ನ ಎಳೆದ್ರೆ ಒಳಗೆ ಒಂದು ಸಣ್ಣ ರೆಕ್ಕೆ ತಿರುಗತ್ತೆ, ದನಿ ನಡುಗತ್ತೆ. ಸಂಡೇ ಸ್ಕೂಲ್ ಮಕ್ಕಳು ಅದನ್ನ ಫ್ಯಾನ್ ಸ್ವಿಚ್ ಅಂತಾರೆ.

ಇದನ್ನ ನನಗೆ ಕಲಿಸಿದ ಮೇಷ್ಟ್ರು ಸ್ಟಾಫ್ ನೊಟೇಷನ್, ಅಂದ್ರೆ ಐದು ಗೆರೆ ಮೇಲೆ ಸ್ವರ ಬರೆಯೋ ಪದ್ಧತಿ, ಕಲ್ತಿದ್ದು ಅರಮನೆ ಬ್ಯಾಂಡ್‌ನಲ್ಲಿ ಇದ್ದ ಒಬ್ಬರು ಹಿರಿಯರ ಹತ್ರ. ನಾನು ಹೋದಾಗ ನನಗೆ ಹದಿನೈದು ವರ್ಷ, ಅಪ್ಪ ಆಸ್ಪತ್ರೆ ಕಾಂಪೌಂಡರು, ಕೈ ಹಿಡ್ಕೊಂಡು ಹೋಗಿ ಬಿಟ್ರು. ಎರಡು ತಿಂಗಳು ಮೇಷ್ಟ್ರು ನನಗೆ ಮನೆ ಮುಟ್ಟೋಕೆ ಬಿಡ್ಲಿಲ್ಲ. ಪಕ್ಕದಲ್ಲಿ ನಿಂತು ಪುಟ ತಿರುಗಿಸೋದು, ಜೊತೆಗೆ ಹಾಡೋದು, ಇಷ್ಟೇ. ಪೂರ್ತಿ ಹಾಡ್ಬೇಕು, ಐದು ಚರಣ ಇದ್ರೆ ಐದೂ. "ಮಗಾ, ಜನ ಎಲ್ಲಿ ಉಸಿರು ತಗೋತಾರೆ ನೋಡ್ಕೋ, ಬೆರಳು ಆಮೇಲೆ ತಾನಾಗೇ ಬರತ್ತೆ" ಅನ್ನೋರು. ನನಗೆ ಆಗ ಸಿಟ್ಟು ಬರ್ತಿತ್ತು. ಈಗ ನನ್ನ ಹತ್ರ ಕಲಿಯೋಕೆ ಬರೋ ಹುಡುಗರಿಗೆ ನಾನೂ ಅದನ್ನೇ ಮಾಡಿಸ್ತೀನಿ.

ಯಾಕೆ ಅಂತ ಹೇಳ್ತೀನಿ. ಇನ್ನೂರು ಜನ ಒಟ್ಟಿಗೆ ಹಾಡೋವಾಗ ಅವರಲ್ಲಿ ಸಂಗೀತ ಕಲ್ತೋರು ಹತ್ತು ಜನ ಇದ್ರೆ ಹೆಚ್ಚು. ಮುಂದಿನ ಸಾಲಲ್ಲಿ ಎಪ್ಪತ್ತೈದು ದಾಟಿದ ಅಮ್ಮಂದಿರು, ಅವರ ಉಸಿರು ಚಿಕ್ಕದು, ಹಿಂದಿನ ಸಾಲಲ್ಲಿ ಹುಡುಗರು, ಅವರಿಗೆ ಅವಸರ, ಮಧ್ಯದಲ್ಲಿ ಮಗು ಎತ್ಕೊಂಡು ಒಂದು ಕೈಯಲ್ಲಿ ಪುಸ್ತಕ ಹಿಡಿದಿರೋ ತಾಯಂದಿರು. ಇವರೆಲ್ಲ ಒಂದೇ ಸಲ ಸಾಲು ಶುರು ಮಾಡ್ಬೇಕು, ಒಂದೇ ಸಲ ಮುಗಿಸ್ಬೇಕು. ಕೈ ತೋರ್ಸೋರು ಯಾರೂ ಇರಲ್ಲ. ಅದನ್ನ ಹೇಳ್ಬೇಕಾಗಿರೋದು ಆರ್ಗನ್. ಸಾಲಿನ ಕೊನೇಲಿ ಕೈನ ಮನೆಯಿಂದ ಒಂದು ಚೂರು ಮೇಲೆತ್ತಿದ್ರೆ ದನಿ ನಿಲ್ಲತ್ತೆ, ಆ ಸಣ್ಣ ಸಂದಿನಲ್ಲಿ ಇನ್ನೂರು ಜನ ಉಸಿರು ತಗೋತಾರೆ, ಆಮೇಲೆ ಕೈ ಇಳಿಸಿದಾಗ ಎಲ್ರೂ ಒಟ್ಟಿಗೆ ಬರ್ತಾರೆ. ಬೇಗ ಇಳಿಸಿದ್ರೆ ಅಮ್ಮಂದಿರು ಹಿಂದೆ ಬೀಳ್ತಾರೆ, ತಡ ಮಾಡಿದ್ರೆ ಹುಡುಗರು ಮುಂದೆ ಓಡ್ತಾರೆ. ಆ ಸಂದು ಎಷ್ಟಿರ್ಬೇಕು ಅಂತ ಯಾವ ಪುಸ್ತಕದಲ್ಲೂ ಬರೆದಿಲ್ಲ, ಮಳೆಗಾಲದಲ್ಲಿ ಒಂದು ಥರ, ಸಾವಿನ ಮನೆ ಆರಾಧನೇಲಿ ಇನ್ನೊಂದು ಥರ.

ಬಾಖ್ ಹೆಸರು ನೀವೆಲ್ಲ ಕೇಳಿರ್ತೀರಿ. ಆತನೂ ಚರ್ಚ್ ಆರ್ಗನಿಸ್ಟೇ. 1705ರಲ್ಲಿ, ಇಪ್ಪತ್ತು ವರ್ಷದ ಹುಡುಗ, ಜರ್ಮನಿಯ ಆರ್ನ್‌ಷ್ಟಾಟ್ ಅನ್ನೋ ಸಣ್ಣ ಊರಲ್ಲಿ ಕೆಲಸ, ಲ್ಯೂಬೆಕ್‌ನಲ್ಲಿ ಬುಕ್ಸ್ಟೆಹೂಡ ಅನ್ನೋ ಹಿರಿಯ ಆರ್ಗನಿಸ್ಟ್ ನುಡಿಸೋದನ್ನ ಕೇಳ್ಬೇಕು ಅಂತ ನಾಲ್ಕು ವಾರ ರಜೆ ತಗೊಂಡು ಸುಮಾರು 400 ಕಿಲೋಮೀಟರ್ ನಡ್ಕೊಂಡು ಹೋದ. ವಾಪಸ್ ಬಂದಿದ್ದು ನಾಲ್ಕು ತಿಂಗಳಾದ ಮೇಲೆ. ಚರ್ಚಿನ ದೊಡ್ಡೋರು ಕರೆದು ವಿಚಾರಿಸಿದ್ರು, ರಜೆ ವಿಷಯ ಒಂದೇ ಅಲ್ಲ, ನೀನು ಹಾಡಿನ ಮಧ್ಯೆ ವಿಚಿತ್ರ ಸ್ವರಗಳನ್ನ ಸೇರಿಸ್ತೀಯ, ಜನ ಗಲಿಬಿಲಿ ಆಗ್ತಾರೆ ಅಂತ ಅದೂ ದಾಖಲೆ ಆಗಿದೆ. ಈ ಕಥೆನ ನಮ್ಮ ಹುಡುಗರಿಗೆ ಯಾವಾಗ್ಲೂ ಹೇಳ್ತೀನಿ. ನಾಲ್ಕುನೂರು ಕಿಲೋಮೀಟರ್ ನಡೆಯೋಷ್ಟು ಆಸೆ ಇರ್ಲಿ, ಜನ ದಾರಿ ತಪ್ಪದೇ ಇರೋ ಹಾಗೆ ನೋಡ್ಕೊಳೋದೂ ಇರ್ಲಿ.

ಇನ್ನು ಕನ್ನಡದ ವಿಷಯ. ನನಗೆ ಇದು ಬಹಳ ಇಷ್ಟದ ವಿಷಯ, ಸ್ವಲ್ಪ ಹೆಚ್ಚು ಹೊತ್ತು ತಗೋತೀನಿ. ಇಂಗ್ಲೆಂಡಿನ ಹಿಮ್‌ಗಳಿಗೆ, ಅಂದ್ರೆ ಚರ್ಚಿನ ಸ್ತುತಿಗೀತೆಗಳಿಗೆ, ಅಕ್ಷರ ಲೆಕ್ಕ ಇರತ್ತೆ, ಕಾಮನ್ ಮೀಟರ್ ಅಂದ್ರೆ ಒಂದೊಂದು ಸಾಲಿಗೆ 8, 6, 8, 6 ಅಕ್ಷರ. ಮಿಷನರಿಗಳು, ಆಮೇಲೆ ನಮ್ಮೋರು, ಅದೇ ರಾಗಕ್ಕೆ ಕನ್ನಡ ಪದ ಕೂರಿಸಿದ್ರು. ಅಕ್ಷರ ಲೆಕ್ಕ ಸರಿ ಬರತ್ತೆ, ತೊಂದರೆ ಇರೋದು ಒತ್ತಿನಲ್ಲಿ. ಇಂಗ್ಲಿಷ್ ಸಾಲು ಸಾಮಾನ್ಯವಾಗಿ ಹಗುರ ಅಕ್ಷರದಿಂದ ಶುರುವಾಗಿ ಎರಡನೇದಕ್ಕೆ ಪೆಟ್ಟು ಬೀಳತ್ತೆ. ನಾವು ಮಾತಾಡೋವಾಗ ತೂಕ ಬೀಳೋದು ಪದದ ಮೊದಲನೇ ಅಕ್ಷರದ ಮೇಲೆ. ಈಗ "ಕರ್ತನೇ" ಅಂತ ಸಾಲು ಶುರು ಆಗತ್ತೆ ಅಂದ್ಕೊಳ್ಳಿ. ರಾಗದ ಪ್ರಕಾರ ಹಾಡಿದ್ರೆ "ಕರ್" ಹಗುರಕ್ಕೆ ಹೋಗಿ "ತ" ಮೇಲೆ ಪೆಟ್ಟು ಬಿದ್ದು "ಕರ್-ತಾ-ನೇ" ಆಗತ್ತೆ. ನಮ್ಮ ಅಜ್ಜಿ ನಾನು ಮನೇಲಿ ಪ್ರಾಕ್ಟೀಸ್ ಮಾಡೋವಾಗ ಅಡುಗೆಮನೆಯಿಂದ "ಅದ್ಯಾಕೆ ಎಲ್ಲಾದಕ್ಕೂ ತಾನೇ ತಾನೇ ಅಂತ ಹಾಡ್ತೀಯೇ" ಅಂತ ಕೇಳ್ತಿದ್ರು. ಅಜ್ಜಿ ಕಿವಿ ಸರಿ ಇತ್ತು. ಅದಕ್ಕೆ ನಾನು ಮೊದಲನೇ ಸ್ವರನ ಒಂದು ಕೂದಲೆಳೆಯಷ್ಟು ಜಾಸ್ತಿ ಹೊತ್ತು ಹಿಡೀತೀನಿ, ಕೆಳಗೆ ಬಾಸ್, ಅಂದ್ರೆ ದಪ್ಪ ಸ್ವರ, ಅಲ್ಲೇ ಹಾಕ್ತೀನಿ, ಆಗ "ಕರ್" ಗಟ್ಟಿಯಾಗಿ ನಿಲ್ಲತ್ತೆ, ಪದ ಪದದ ಹಾಗೆ ಕೇಳತ್ತೆ. ಇದನ್ನ ನುಡಿಸೋವಾಗ ಯಾರೂ ಗಮನಿಸಲ್ಲ, ಗಮನಿಸ್ಬೇಕಾಗೂ ಇಲ್ಲ, ಹಾಡಿದ್ದು ಕನ್ನಡ ಅಂತ ಅನ್ನಿಸಿದ್ರೆ ಸಾಕು.

ಈ ತೊಂದರೆ ಬಹಳ ಹಿಂದೇನೇ ಕಂಡ್ಕೊಂಡೋರು ಫರ್ಡಿನಾಂಡ್ ಕಿಟೆಲ್. 1894ರ ಅವರ ನಿಘಂಟು ಎಲ್ರಿಗೂ ಗೊತ್ತು. ನಾಗವರ್ಮನ ಛಂದಶ್ಶಾಸ್ತ್ರನ ಸಂಪಾದನೆ ಮಾಡಿದ್ದೂ ಅವರೇ, ಯೇಸುವಿನ ಕಥೆನ ನಮ್ಮದೇ ಷಟ್ಪದಿಯಲ್ಲಿ ಬರೆದ್ರು. ಜರ್ಮನಿಯಿಂದ ಬಂದೋರು, ಕನ್ನಡಕ್ಕೆ ಕನ್ನಡದ ನಡಿಗೆನೇ ಬೇಕು ಅಂತ ಛಂದಸ್ಸು ಕಲಿಯೋಕೆ ಕೂತ್ರಲ್ಲ, ನನಗೆ ಅದು ದೊಡ್ಡ ವಿಷಯ. ನಮ್ಮ ಸಭೆಗಳಲ್ಲಿ ಈಗ್ಲೂ ಕರ್ನಾಟಕ ಸಂಗೀತದ ರಾಗದ ಹಾಡು ಬೇರೆ, ಇಂಗ್ಲಿಷ್ ಮಟ್ಟಿನ ಹಾಡು ಬೇರೆ ಇವೆ. ಶಂಕರಾಭರಣದಲ್ಲಿ ಇದ್ರೆ ನನಗೆ ಆರಾಮ, ಅದು ಇಂಗ್ಲಿಷರ ಮೇಜರ್ ಸ್ಕೇಲೇ. ಕೀರವಾಣಿ ಅಂದ್ರೆ ಅವರ ಹಾರ್ಮೋನಿಕ್ ಮೈನರ್. ಆದ್ರೆ ತೋಡಿ ಬಂತು ಅಂದ್ರೆ ಈ ಪೆಟ್ಟಿಗೆಯಲ್ಲಿ ಗಮಕ, ಅಂದ್ರೆ ಸ್ವರದ ಓಲಾಟ, ಬರೋದೇ ಇಲ್ಲ. ಆಗ ನಾನು ಷಡ್ಜ ಪಂಚಮ ಹಿಡಿದು ಸುಮ್ಮನೆ ಶ್ರುತಿ ಕೊಡ್ತೀನಿ, ಪಿಟೀಲು ನುಡಿಸೋ ಹುಡುಗ ಇದ್ರೆ ಅವನಿಗೆ ಬಿಡ್ತೀನಿ. ಹಾರ್ಮೋನಿಯಂನ ಆಕಾಶವಾಣಿ 1940ರಲ್ಲಿ ಹೊರಗಿಟ್ಟು 1971ರ ತನಕ ಒಳಗೆ ಬಿಟ್ಕೊಳ್ಳದೇ ಇದ್ದಿದ್ದಕ್ಕೆ ಇದೇ ಕಾರಣ, ಮನೆಗಳ ಮಧ್ಯದ ಶ್ರುತಿ ಇದರಲ್ಲಿ ಸಿಗಲ್ಲ ಅಂತ. ಆ ಆಕಾಶವಾಣಿ ಅನ್ನೋ ಹೆಸರೇ ನಮ್ಮೂರದ್ದು ನೋಡಿ, 1935ರಲ್ಲಿ ಮಹಾರಾಜ ಕಾಲೇಜಿನ ಪ್ರೊಫೆಸರ್ ಗೋಪಾಲಸ್ವಾಮಿಯವರು ತಮ್ಮ ಮನೇಲೇ ಶುರು ಮಾಡಿದ ರೇಡಿಯೋ ಸ್ಟೇಷನ್ನಿನ ಹೆಸರು ಅದು.

ಎರಡು ಸಂಗೀತ ಹತ್ರ ಬರೋದು ಹೊಸ ವಿಷಯ ಏನಲ್ಲ. ಮುತ್ತುಸ್ವಾಮಿ ದೀಕ್ಷಿತರು ಬ್ರಿಟಿಷರ ಬ್ಯಾಂಡಿನ ಮಟ್ಟುಗಳನ್ನ ಕೇಳಿ ಸಂಸ್ಕೃತದಲ್ಲಿ ಸುಮಾರು 40 ನೊಟ್ಟುಸ್ವರ ಅನ್ನೋ ಹಾಡು ಮಾಡಿದ್ರು, ಎಲ್ಲವೂ ಶಂಕರಾಭರಣ. ಮೈಸೂರಲ್ಲಂತೂ ಅರಮನೆಯಲ್ಲೇ ಎರಡೂ ಇತ್ತು. ದಸರಾ ಮೆರವಣಿಗೆಯಲ್ಲಿ ಕರ್ನಾಟಕ ಬ್ಯಾಂಡ್, ಇಂಗ್ಲಿಷ್ ಬ್ಯಾಂಡ್ ಅಂತ ಎರಡು ನೋಡಿದೀವಿ, ಅಪ್ಪ ಹೆಗಲ ಮೇಲೆ ಕೂರಿಸ್ಕೊಂಡು ತೋರಿಸ್ತಿದ್ರು, ಎಲ್ಲ ಮಕ್ಕಳೂ ಆನೆ ಬರೋದನ್ನ ಕಾದ್ರೆ ನಾನು ಟ್ಯೂಬಾ ಹೊತ್ಕೊಂಡು ಬರೋರನ್ನ ಕಾಯ್ತಿದ್ದೆ. ಜಯಚಾಮರಾಜ ಒಡೆಯರು ಪಿಯಾನೋ ನುಡಿಸ್ತಿದ್ರು, ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಸ್ಕೂಲಿನ ಲೈಸೆನ್ಶಿಯೇಟ್ ಅನ್ನೋ ಪದವಿ ಪಡೆದಿದ್ರು, 94 ಕೃತಿ ರಚನೆ ಮಾಡಿದ ಅದೇ ಕೈ. ಮೆಟ್ನರ್ ಅನ್ನೋ ರಷ್ಯನ್ ಸಂಗೀತಗಾರ ಲಂಡನ್ನಿನಲ್ಲಿ ಯಾರೂ ಕೇಳೋರಿಲ್ಲದೆ ಇದ್ದಾಗ ಆತನ ಸಂಗೀತ ರೆಕಾರ್ಡ್ ಆಗ್ಲಿ ಅಂತ ದುಡ್ಡು ಕೊಟ್ಟಿದ್ದು ನಮ್ಮ ಮಹಾರಾಜರು. ಆತ ತನ್ನ ಮೂರನೇ ಪಿಯಾನೋ ಕಾನ್ಚೆರ್ಟೋನ, ಅಂದ್ರೆ ಪಿಯಾನೋ ಆರ್ಕೆಸ್ಟ್ರಾ ಎರಡೂ ಸೇರಿ ನುಡಿಸೋ ಕೃತಿನ, ಅವರಿಗೇ ಅರ್ಪಿಸಿದ. 1950ರ ಮೇ 22ಕ್ಕೆ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಜರ್ಮನ್ ಸಂಗೀತಗಾರ ರಿಚರ್ಡ್ ಸ್ಟ್ರೌಸ್‌ನ ಕೊನೆಯ ಹಾಡುಗಳು ಮೊದಲ ಸಲ ಕೇಳಿಸಿದಾಗಲೂ ಹಿಂದೆ ನಿಂತಿದ್ದು ಮೈಸೂರಿನ ದುಡ್ಡು. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ನಮ್ಮ ಚರ್ಚ್ ಸಂಗೀತನ ಜನ ಹೊರಗಿಂದ ಬಂದಿದ್ದು ಅಂತ ಒಂದು ಪಕ್ಕಕ್ಕೆ ಇಟ್ಟು ಮಾತಾಡ್ತಾರೆ, ನನಗೆ ಅದು ನೋವಾಗತ್ತೆ. ಈ ಊರಲ್ಲಿ ಅದೂ ಬೇರು ಬಿಟ್ಟಿದೆ. ನಮ್ಮ ಮೇಷ್ಟ್ರು ಕಲ್ತಿದ್ದು ಅರಮನೆ ಬ್ಯಾಂಡಿನವರ ಹತ್ರ ಅಂದ್ನಲ್ಲ.

ಆರ್ಗನಿಸ್ಟ್ ವಾರ ಹೇಗಿರತ್ತೆ ಅಂತ ಒಬ್ಬರು ಚೀಟಿ ಕಳಿಸಿದೀರಿ. ಮಂಗಳವಾರದ ಹೊತ್ತಿಗೆ ಅಯ್ಯನವರು, ಅಂದ್ರೆ ನಮ್ಮ ಪಾದ್ರಿಗಳು, ವಾಟ್ಸಾಪಲ್ಲಿ ಹಾಡಿನ ನಂಬರ್ ಕಳಿಸ್ತಾರೆ, ಶನಿವಾರ ಸಂಜೆ ಕ್ವಾಯರ್, ಅಂದ್ರೆ ಹಾಡೋರ ತಂಡದ ಪ್ರಾಕ್ಟೀಸ್. ಹಾಡು ನಾಲ್ಕು ಭಾಗ. ಹೆಂಗಸರ ಮೇಲಿನ ದನಿ ಸೊಪ್ರಾನೊ ಜಾಸ್ತಿ, ಕೆಳಗಿನ ದನಿ ಆಲ್ಟೊ ಇಬ್ಬರು, ಗಂಡಸರ ಮೇಲಿನ ದನಿ ಟೆನರ್ ಯಾವಾಗ್ಲೂ ಒಬ್ಬನೇ, ಕೆಳಗಿನ ದನಿ ಬಾಸ್‌ಗೆ ರಿಟೈರ್ ಆದ ಇಬ್ಬರು ಅಣ್ಣಂದಿರು. ಹಳಬರಿಗೆ ಇನ್ನೂ ಸೊಲ್ಫಾನೇ ಬೇಕು, ಡೋ ರೇ ಮೀ ಅಕ್ಷರದಲ್ಲಿ ಬರೆದಿರೋದು, ಯಾವ ಶ್ರುತಿಗೆ ಹೋದ್ರೂ ಡೋ ಜೊತೆಗೇ ಬರತ್ತೆ, ನಮ್ಮ ಸ ಇದ್ದ ಹಾಗೆ. ಮದುವೆ ಇದ್ರೆ ಹೆಣ್ಣು ಬರೋ ತನಕ ನುಡಿಸ್ತಾನೇ ಇರ್ಬೇಕು, ಒಂದ್ಸಲ ನಲವತ್ತು ನಿಮಿಷ ಆಗಿತ್ತು, ಕಾಲು ತುಳಿದು ತುಳಿದು ಮರಗಟ್ಟಿ ಹೋಗಿತ್ತು. ಶುಭ ಶುಕ್ರವಾರ ಹನ್ನೆರಡರಿಂದ ಮೂರು, ಯೇಸು ಶಿಲುಬೆ ಮೇಲೆ ಆಡಿದ ಏಳು ಮಾತುಗಳ ಧ್ಯಾನ. ಗೌರವಧನ ಎಷ್ಟು ಅಂತಾನೂ ಕೇಳಿದೀರಿ. ಬಹಳ ಕಡೆ ಏನೂ ಇಲ್ಲ, ಸೇವೆ ಅಂತಾರೆ. ನಾನು ನನಗೋಸ್ಕರ ಕೇಳಿಲ್ಲ, ನನಗೆ ಸಂಬಳ ಇತ್ತು. ಈಗ ಬರೋ ಹುಡುಗರಿಗೆ ಬಸ್ಸು ಪೆಟ್ರೋಲಿಗಾದ್ರೂ ಆಗೋಷ್ಟು, ಪುಸ್ತಕಕ್ಕೆ ಆಗೋಷ್ಟು ಕೊಡ್ಲೇಬೇಕು, ಹೂವಿನ ಅಲಂಕಾರಕ್ಕೆ ಬಜೆಟ್ ಇಡ್ತೀವಿ, ಇದಕ್ಕೂ ಇಡೋಣ.

ಕ್ಯಾಥೊಲಿಕ್ ಕಡೆ ಒಂದು ಪದ್ಧತಿ ಇದೆ, ಅದನ್ನ ಹೇಳ್ಲೇಬೇಕು. ನನ್ನ ಗೆಳತಿ ಒಬ್ಬಳು ಆ ಕಡೆ ಕ್ವಾಯರಲ್ಲಿ ಇದ್ದಾಳೆ, ಒಂದು ವರ್ಷ ಅವಳ ಜೊತೆ ಹೋಗಿದ್ದೆ. ಶುಭ ಶುಕ್ರವಾರದ ಹಿಂದಿನ ದಿನ, ಪವಿತ್ರ ಗುರುವಾರದ ಬಲಿಪೂಜೆಯಲ್ಲಿ ಗ್ಲೋರಿಯಾ ಅನ್ನೋ ಸ್ತುತಿ ಹಾಡೋವಾಗ ಗಂಟೆ ಎಲ್ಲ ಬಾರಿಸ್ತಾರೆ, ಆಮೇಲೆ ಗಂಟೆನೂ ಇಲ್ಲ, ಆರ್ಗನ್ನೂ ಹಾಡಿಗೆ ಆಸರೆ ಕೊಡೋದು ಬಿಟ್ರೆ ಒಂದು ಸ್ವರ ನುಡಿಯಲ್ಲ. ಅಲ್ಲಿ ಆರ್ಗನ್ ಮುಚ್ಚಳಾನೇ ಮುಚ್ಚಿಬಿಟ್ರು. ಗಂಟೆ ಬದಲು ಮರದ ಗಿಲಕಿ, ಟಕ ಟಕ ಅನ್ನತ್ತೆ. ಶುಕ್ರವಾರ ಪೂರ್ತಿ ಬರೀ ಗಂಟಲಿನಿಂದ ಹಾಡು, ಶ್ರುತಿ ನಿಧಾನಕ್ಕೆ ಇಳೀತಾ ಹೋಗತ್ತೆ, ಯಾರೂ ಹಿಡಿಯಲ್ಲ. ಶನಿವಾರ ರಾತ್ರಿ ಪಾಸ್ಖ, ಅಂದ್ರೆ ಈಸ್ಟರ್ ಜಾಗರಣೆ, ಒಳಗೆ ಕತ್ತಲೆ, ಒಬ್ಬರಿಂದ ಒಬ್ಬರಿಗೆ ಮೇಣದ ಬತ್ತಿ ಹಚ್ಕೊಂಡು ನಿಂತಿದ್ವಿ, ವಾಚನ ಒಂದಾದ ಮೇಲೆ ಒಂದು, ಕೊನೆಗೆ ಫಾದರ್ ಗ್ಲೋರಿಯಾ ಅಂತ ಎತ್ತಿದ ತಕ್ಷಣ ದೀಪ ಎಲ್ಲ ಹತ್ತಿ ಗಂಟೆ ಎಲ್ಲ ಒಟ್ಟಿಗೆ ಹೊಡೆದು ಆರ್ಗನ್ ಪೂರ್ತಿ ಸ್ಟಾಪ್ ಎಳೆದು ಬಂತು. ನನ್ನ ಪಕ್ಕ ನಿಂತಿದ್ದ ಸಣ್ಣ ಹುಡುಗಿ ಬೆಚ್ಚಿ ನನ್ನ ಸೆರಗು ಹಿಡ್ಕೊಂಡ್ಲು. ಎರಡು ದಿನ ಸುಮ್ಮನಿದ್ದ ದನಿ ವಾಪಸ್ ಬಂದಾಗ ಎದೆಗೆ ಹೇಗೆ ತಾಗತ್ತೆ ಅಂತ ನನಗೆ ಅವತ್ತು ಗೊತ್ತಾಯ್ತು.

ಈಗ ಈ ಪೆಟ್ಟಿಗೆಯ ಕಥೆ. ಯಾವ ಚರ್ಚ್ ಅಂತ ಹೇಳಲ್ಲ, ಅದು ಬೇಡ. ಅಲ್ಲಿಗೆ ಯಾರೋ ಪುಣ್ಯಾತ್ಮರು ಹೊಸ ಕೀಬೋರ್ಡ್ ದಾನ ಕೊಟ್ರು. ಒಳ್ಳೇದೇ. ಆದ್ರೆ ಹಳೇ ಆರ್ಗನ್ನನ್ನ ಹಿಂದಿನ ಸ್ಟೋರ್ ರೂಮಿಗೆ ತಳ್ಳಿದ್ರು, ಮುರಿದ ಕುರ್ಚಿ, ಕ್ರಿಸ್ಮಸ್ ಸ್ಟಾರಿನ ಬಿದಿರು, ಇದರ ಜೊತೆ. ಮೂರು ವರ್ಷ ಆದ ಮೇಲೆ ಗುಜರಿಯವರಿಗೆ ಕೊಡ್ತಾರಂತೆ ಅಂತ ಗೊತ್ತಾಯ್ತು, ಓಡಿ ಹೋಗಿ 1,800 ರೂಪಾಯಿ ಕೊಟ್ಟು ಲಗೇಜ್ ಆಟೋದಲ್ಲಿ ಹಾಕ್ಕೊಂಡು ಬಂದೆ. ತೆಗೆದು ನೋಡಿದ್ರೆ ಇಲಿ ತಿದಿ ಬಟ್ಟೆ ತಿಂದಿತ್ತು, ಫೆಲ್ಟ್ ಎಲ್ಲ ಪುಡಿ, ಅರ್ಧ ಸ್ವರ ಬರಲ್ಲ, ಒಂದು ಸ್ವರ ಶುರು ಆದ್ರೆ ನಿಲ್ಲೋದೇ ಇಲ್ಲ.

ಮಂಡಿ ಮೊಹಲ್ಲಾದಲ್ಲಿ ಹಾರ್ಮೋನಿಯಂ ರಿಪೇರಿ ಮಾಡೋ ಒಬ್ಬರು ಸಾಹೇಬ್ರು ಇದ್ರು. ಅವರಿಗೆ ಚರ್ಚ್ ಆರ್ಗನ್ ಕೆಲಸ ಹೊಸದು, ಆದ್ರೆ ನಾಟಕ ಕಂಪನಿಗಳ ಲೆಗ್ ಹಾರ್ಮೋನಿಯಂ ಎಷ್ಟೋ ಬಿಚ್ಚಿ ಕೂಡಿಸಿದ್ರು. ಮುಚ್ಚಳ ತೆಗೆದು ನೋಡಿ "ಇದು ಅದರ ಅಕ್ಕ ಅಲ್ವಾಮ್ಮ" ಅಂದ್ರು. ಎರಡು ಸಾಲು, 122 ರೀಡು. ಒಂದೊಂದನ್ನೂ ಕೊಕ್ಕೆ ಹಾಕಿ ಎಳೆದು, ಹಳೇ ಪೇಪರ್ ಮೇಲೆ ನಂಬರ್ ಚೀಟಿ ಇಟ್ಟು ಸಾಲಾಗಿ ಜೋಡಿಸಿ, ಮೆತ್ತಗಿನ ಹಲ್ಲುಜ್ಜೋ ಬ್ರಷ್ಷಲ್ಲಿ ಉಜ್ಜಿದ್ವಿ. ರೀಡಿನ ನಾಲಗೆ ಕೆಳಗೆ ಎಳ್ಳಿನಷ್ಟು ಧೂಳು ಸಿಕ್ಕಿದ್ರೂ ಸ್ವರ ಸತ್ತು ಹೋಗತ್ತೆ, ತೆಗೆದ್ರೆ ತಕ್ಷಣ ಬರತ್ತೆ. ಶ್ರುತಿ ಕೂರಿಸೋದು ಹೇಗೆ ಗೊತ್ತಾ, ನಾಲಗೆ ತುದಿಯನ್ನ ಸ್ವಲ್ಪ ಹೆರೆದ್ರೆ ಹಗುರ ಆಗಿ ಸ್ವರ ಏರತ್ತೆ, ಬುಡದಲ್ಲಿ ಹೆರೆದ್ರೆ ಇಳಿಯತ್ತೆ. ಸಾಹೇಬ್ರು ಒಂದು ಸಲ ಹೆರೆದು, ಜಾಗಕ್ಕೆ ಹಾಕಿ, ಪಕ್ಕದ ಸ್ಥಾಯಿ ಜೊತೆ ಒತ್ತಿ, ಕಣ್ಣು ಮುಚ್ಕೊಂಡು ಕೇಳೋರು. ಎರಡು ಸ್ವರದ ಮಧ್ಯೆ ವಾವ್ ವಾವ್ ಅಂತ ಅಲೆ ಬರತ್ತೆ, ಹತ್ರ ಬಂದಷ್ಟೂ ಅಲೆ ನಿಧಾನ ಆಗತ್ತೆ, ಸರಿ ಹೊಂದಿದಾಗ ನಿಂತೇ ಹೋಗತ್ತೆ. 122 ಸಲ. ಮಧ್ಯೆ ನಮಾಜಿಗೆ ಎದ್ದು ಹೋಗಿ ಬರೋರು, ನಾನು ಪೇಪರ್ ಮೇಲಿನ ರೀಡು ಗಾಳಿಗೆ ಹಾರದ ಹಾಗೆ ಕಾಯ್ತಾ ಕೂತಿರ್ತಿದ್ದೆ.

ಆ ಅಂಗಡಿಗೆ ಪಾಂಡವಪುರ ಕಡೆಯಿಂದ ಒಬ್ಬರು ಡ್ರಾಮಾ ಮೇಷ್ಟ್ರು ಬರ್ತಿದ್ರು. ಮಂಡ್ಯ ಕಡೆ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಕಲಿಸೋ ಮೇಷ್ಟ್ರು ಅಂದ್ರೆ ಎಂಥ ಮರ್ಯಾದೆ ಅಂತ ನಿಮಗೆ ಹೇಳ್ಬೇಕಾಗಿಲ್ಲ, ಹಗಲೆಲ್ಲ ಗದ್ದೆ ಕೆಲಸ ಮಾಡಿ ಬಂದೋರಿಗೆ ರಾತ್ರಿ ಕಂದ ಪದ್ಯ ಬಾಯಿಗೆ ಕೂರ್ಸೋದು ಸಣ್ಣ ಕೆಲಸ ಅಲ್ಲ. ಅವರು ಇದರ ಮುಂದೆ ಕೂತು, ಕಾಲಲ್ಲಿ ತುಳಿದು ನೋಡಿ, ಒಂದು ಮಟ್ಟು ಎತ್ತಿದ್ರು. ಬಾಸ್ ಸ್ಟಾಪ್ ಎಳೆದುಕೊಟ್ಟೆ. "ಅವ್ವಾ, ಈ ದನಿ ಕೇಳುದ್ರೆ ದುರ್ಯೋಧನ ತಾನೇ ಎದ್ದು ಬತ್ತಾನೆ ಕಣವ್ವ" ಅಂದ್ರು. ಆಮೇಲೆ ನನ್ನನ್ನ ನುಡಿಸಿ ಅಂದ್ರು, ನಾನು ಒಂದು ಹಿಮ್ ನಾಲ್ಕು ಭಾಗದಲ್ಲಿ ನುಡಿಸಿದೆ. ಅವರು ಕೇಳಿದ ಮೊದಲ ಪ್ರಶ್ನೆ, ಜನಕ್ಕೆ ಉಸಿರಿಗೆ ಎಲ್ಲಿ ಬಿಡ್ತೀರಿ ಅಂತ. ನಟ ಓಡಾಡ್ಕೊಂಡು ಹಾಡ್ತಾನಲ್ಲ, ಅವನ ಉಸಿರು ನೋಡ್ಕೊಂಡೇ ನಾವು ಸ್ವರ ಹಿಡೀಬೇಕು ಅಂದ್ರು. ನಮ್ಮ ಮೇಷ್ಟ್ರ ಮಾತನ್ನ ನಾನು ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

ಬೇಸಿಗೆಯಲ್ಲಿ ಇದರೊಳಗೆ ಒಂದು ಬಟ್ಟಲು ನೀರು ಇಡ್ತೀನಿ, ಮರ ಒಣಗಿ ಸಂದು ಬಿಟ್ರೆ ಗಾಳಿ ಸೋರತ್ತೆ. ಜೂನ್ ಬಂತು ಅಂದ್ರೆ ನೀರು ತೆಗೀತೀನಿ, ಮನೆಗಳು ಉಬ್ಬಿ ಹಿಡ್ಕೊಳತ್ವೆ. ಇಲಿಗೆ ನುಸಿಗುಳಿಗೆ.

ಕ್ಯಾರಲ್ ರೌಂಡ್ಸ್, ಅಂದ್ರೆ ಮನೆ ಮನೆಗೆ ಹೋಗಿ ಕ್ರಿಸ್ಮಸ್ ಹಾಡು ಹಾಡೋದು, ಅದರ ಬಗ್ಗೆ ಹೇಳ್ತಾ ಹೋದ್ರೆ ರಾತ್ರಿ ಆಗತ್ತೆ. ಡಿಸೆಂಬರ್ ಚಳಿ, ಟೆಂಪೋದಲ್ಲಿ ಹತ್ತೊಂಬತ್ತು ಜನ, ತೊಡೆ ಮೇಲೆ ಕೈ ಹಾರ್ಮೋನಿಯಂ, ಒಂದೊಂದು ಮನೇಲೂ ರೋಸ್ ಕುಕೀಸು, ಕಲ್‌ಕಲ್ಲು ಅನ್ನೋ ಸಿಹಿತಿಂಡಿ, ಬಿಸಿ ಕಾಫಿ. ಪಕ್ಕದ ಮನೆಯವರೂ ಬಂದು ಗೇಟ್ ಹತ್ರ ನಿಂತು ಕೇಳ್ತಾರೆ, ಎಷ್ಟೋ ಮನೆಯವರು ನಮ್ಮನೆ ಮುಂದೇನೂ ಒಂದು ಹಾಡಿ ಅಂತ ಕರೀತಾರೆ. ಹಾಡ್ತೀವಿ.

2020. ಮಾರ್ಚಲ್ಲಿ ಎಲ್ಲ ಮುಚ್ಚಿತು. ಏಪ್ರಿಲ್ 12 ಈಸ್ಟರ್. ಪರ್ಮಿಷನ್ ತಗೊಂಡು ಅಯ್ಯನವರು, ನಾನು, ಫೋನ್ ಹಿಡಿಯೋಕೆ ಒಬ್ಬ ಹುಡುಗ, ಮೂರೇ ಜನ. ಬೆಂಚಿನ ಮೇಲೆ ಕೂತೆ, ಮೊದಲನೇ ಸಾಲು ನುಡಿಸಿದೆ, ಕೈ ಎತ್ತಿದೆ. ಹಿಂದಿನಿಂದ ಏನೂ ಬರ್ಲಿಲ್ಲ. ಎಷ್ಟು ಹೊತ್ತು ಕಾಯ್ಬೇಕು ಅಂತ ನನಗೆ ಗೊತ್ತಾಗ್ಲಿಲ್ಲ. ಮೂವತ್ತೆಂಟು ವರ್ಷ ಆ ಸಂದನ್ನ ನಾನು ಅಳೀತಿದೀನಿ ಅಂದ್ಕೊಂಡಿದ್ದೆ, ಅದನ್ನ ಅಳೀತಾ ಇದ್ದಿದ್ದು ನನ್ನ ಹಿಂದೆ ಕೂತಿದ್ದೋರು. ಮುಂದಿನ ಸಾಲಿನ ಒಬ್ಬರು ಅಮ್ಮ, ಅವರು ಸಾಲಿಗೆ ಮುಂಚೆ ಮೂಗಿನಿಂದ ಉಸಿರು ಎಳ್ಕೊಳೋ ಸದ್ದು ನನಗೆ ಕೇಳ್ತಿತ್ತು ಯಾವಾಗ್ಲೂ, ನಾನು ಅದಕ್ಕೇ ಕೈ ಇಳಿಸ್ತಿದ್ದೆ. ಅವತ್ತು ಆ ಸದ್ದನ್ನ ನೆನಪು ಮಾಡ್ಕೊಂಡು ಮಾಡ್ಕೊಂಡು ಐದು ಚರಣ ಮುಗಿಸಿದೆ. ಆ ಅಮ್ಮ ಮುಂದಿನ ವರ್ಷ ತೀರ್ಕೊಂಡ್ರು. ಅವರ ಮಗಳು ಅದೇ ಜಾಗದಲ್ಲಿ ಕೂರ್ತಾಳೆ, ಅವಳ ಉಸಿರೂ ಹಾಗೇ.

ಕೀಬೋರ್ಡ್ ಬಗ್ಗೆ ನನಗೆ ವಿರೋಧ ಇಲ್ಲ, ಬರೆದುಕೊಂಡು ಬಿಡ್ಬೇಡಿ. ಟ್ರಾನ್ಸ್‌ಪೋಸ್ ಬಟನ್ ಒಂದು ವರ, ವಯಸ್ಸಾದೋರಿಗೆ ಮೇಲಿನ ಸ್ವರ ಹತ್ತಲ್ಲ ಅಂದ್ರೆ ಅರ್ಧ ಶ್ರುತಿ ಇಳಿಸಬಹುದು. ನನಗೆ ತೊಂದರೆ ಇರೋದು ಅದರೊಳಗಿನ ರೆಡಿ ರಿದಂ ಹಾಕಿ ಜನರನ್ನ ಅದರ ಹಿಂದೆ ಓಡಿಸೋದಕ್ಕೆ. ಆ ಡ್ರಮ್ಮು ಯಾರಿಗೂ ಕಾಯಲ್ಲ. ಒಂದೆರಡು ವರ್ಷ ಹಾಗೆ ನಡೆದ್ರೆ ಜನ ಹಾಡೋದು ಬಿಟ್ಟು ಕೇಳೋಕೆ ಶುರು ಮಾಡ್ತಾರೆ, ಆಲ್ಟೊ ಟೆನರ್ ಎಲ್ಲ ಮರ್ತು ಹೋಗತ್ತೆ, ನಾನು ಕಣ್ಣಾರೆ ನೋಡಿದೀನಿ. ಹಾಗೇ ಟ್ರಿನಿಟಿ ಅನ್ನೋ ಪಾಶ್ಚಾತ್ಯ ಸಂಗೀತದ ಪರೀಕ್ಷೆ ಎಂಟನೇ ಗ್ರೇಡ್ ತನಕ ಪಾಸ್ ಮಾಡಿದ ಮಕ್ಕಳು ಬರ್ತಾರೆ, ಬೆರಳು ಬಹಳ ಚೆನ್ನಾಗಿರತ್ತೆ, ಒಂದು ಸರಳ ಹಿಮ್‌ಗೆ ಜನರ ಜೊತೆ ಹೋಗು ಅಂದ್ರೆ ಕಂಗಾಲು. ಅದು ಅವರ ತಪ್ಪಲ್ಲ, ಯಾರೂ ಅವರನ್ನ ಪಕ್ಕ ನಿಲ್ಲಿಸ್ಕೊಂಡು ಹಾಡಿಸಿಲ್ಲ.

ಈಗ ನನ್ನ ಹತ್ರ ಮೂರು ಜನ ಇದ್ದಾರೆ. ಒಬ್ಬಳು ಎಂಜಿನಿಯರಿಂಗ್ ಓದ್ತಾ ಇದ್ದಾಳೆ, ಒಬ್ಬಳ ಅಪ್ಪ ಆಟೋ ಓಡಿಸ್ತಾರೆ, ಬೆಳಗ್ಗೆ ಮೊದಲ ಟ್ರಿಪ್ಪಲ್ಲಿ ಬಿಟ್ಟು ಹೋಗ್ತಾರೆ. ಮೂರನೇವನು ನಮ್ಮ ಸಭೆಯವನಲ್ಲ, ಪಿಟೀಲು ಕಲೀತಿರೋ ಹುಡುಗ, ಅವನ ಗುರುಗಳೇ ಹೋಗಿ ನಾಲ್ಕು ಭಾಗ ಹೇಗೆ ಕೂರತ್ತೆ ಅಂತ ಕೇಳ್ಕೊಂಡು ಬಾ ಅಂತ ಕಳಿಸಿದ್ರು. ನಾನು ಹೇಳ್ದೆನಲ್ಲ, ತೋಡಿ ಬಂದಾಗ ಅವನಿಗೆ ಬಿಡ್ತೀನಿ ಅಂತ, ಅವನೇ ಇವನು. ಇನ್ನೂ ಮೂರು ಜನಕ್ಕೆ ಜಾಗ ಇದೆ. ದುಡ್ಡು ತಗೊಳಲ್ಲ, ಶನಿವಾರ ಪ್ರಾಕ್ಟೀಸಿಗೆ ಬಂದು ಹಾಡ್ಬೇಕು, ಅಷ್ಟೇ.

ಸರಿ, ಈಗ ನುಡಿಸ್ತೀನಿ. ನೀವು ಹಾಡ್ಬೇಕು, ಪದ ಬೇಡ, ಬರೀ ಆ ಅಂತ ಸಾಕು, ಶಂಕರಾಭರಣದ ಆರೋಹಣ ಅವರೋಹಣ, ಎರಡೂವರೆ ಶ್ರುತಿಗೆ ಇಡ್ತೀನಿ, ಗಂಡಸರು ಕೆಳಗಿನ ಸ್ಥಾಯಿ. ಆಮೇಲೆ ಯಾರಿಗೆ ಇದನ್ನ ತುಳಿದು ನೋಡ್ಬೇಕೋ ಒಬ್ಬೊಬ್ಬರಾಗಿ ಮೇಲೆ ಬನ್ನಿ. ಚಪ್ಪಲಿ ಕೆಳಗೇ ಬಿಟ್ಟು ಬನ್ನಿ, ಪೆಡಲ್ ಮೇಲಿನ ಬಟ್ಟೆ ಹೋದ ತಿಂಗಳಷ್ಟೇ ಹೊಸದು ಹಾಕಿಸಿದೀನಿ.